ಎಗೋನ್ ಕತ್ತರಿಸಿದ ಬಿಳಿ ಅಂಚು

ನಮ್ಮವರ ಹೆಸರು ಎಗೋನ್. ಬಡಗಿ. ಲಿಮ್‌ಫ್ಯೋರ್ಡ್ ಎಂಬ ಕಡಲಕೊಲ್ಲಿಯ ದಂಡೆಯ ಹೆರಿಂಗ್ ಮೀನಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಮೀನು ತುಂಬುವ ಮರದ ಪೆಟ್ಟಿಗೆ ಹೊಡೆದರು. ನಾನು ಅಲ್ಲೇ ಮೀನು ಸೀಳುವ ಸಾಲಿನಲ್ಲಿ ನಿಲ್ಲುತ್ತಿದ್ದೆ. ಹಲಗೆಯನ್ನು ಮೂಸಿಯೇ ಇದು ಒಣಗಿದೆ, ಇದಿನ್ನೂ ಹಸಿ ಎನ್ನುತ್ತಿದ್ದ ಮನುಷ್ಯ. ಮಾತು ಬಲು ಕಡಿಮೆ. ಮದುವೆಯ ದಿನ ಪಾದ್ರಿ ಎರಡು ಸಲ ಕೇಳಿದ ಮೇಲೆ ‘ಹೂಂ’ ಅಂದವರು.

ಆಮೇಲೆ ಪ್ಲಾಸ್ಟಿಕ್ ಪೆಟ್ಟಿಗೆಗಳು ಬಂದವು. ಬಾಗಿಲು ಕಿಟಕಿ ರಿಪೇರಿಗೆಂದು ಕಾರ್ಖಾನೆ ಅವರನ್ನು ಇಟ್ಟುಕೊಂಡಿತು, ನಿಜ. ಆದರೆ ಮನೆಗೆ ಬಂದರೆ ಕೋಟು ಬಿಚ್ಚದೆ ಹಾಗೇ ಕುಳಿತುಬಿಡುತ್ತಿದ್ದರು. ಆ ಕಾಲದಲ್ಲಿ ಅವರ ಕೈಹಿಡಿದದ್ದು ಕಾರ್ಖಾನೆಯ ಕೆಲಸಗಾರರ ಚಿತ್ರಕಲಾ ಸಂಘ.

ಸಂಘದಲ್ಲಿ ನಾವು ನಲವತ್ತು ಜನ. ಎಲ್ಲರೂ ಸೇರಿ ವರ್ಷವಿಡೀ ಒಂದಿಷ್ಟು ದುಡ್ಡು ಕೂಡಿಸಿ ಚಿತ್ರ ಕೊಳ್ಳುವುದು, ವಸಂತದಲ್ಲಿ ಒಂದು ಶನಿವಾರ ಅವನ್ನು ಊಟದ ಕೋಣೆಯ ಗೋಡೆಗೆ ತೂಗುಹಾಕಿ ಚೀಟಿ ಎತ್ತುವುದು. ಯಾರ ಹೆಸರು ಬಂತೋ ಅವರು ಎದ್ದು ಹೋಗಿ ತಮಗೆ ಬೇಕಾದ್ದನ್ನು ಇಳಿಸಿ ಮನೆಗೆ ಒಯ್ಯಬೇಕು. ಬಹುಪಾಲು ಕಲ್ಲಚ್ಚಿನ ಚಿತ್ರಗಳು, ಕಲ್ಲಿನ ಮೇಲೆ ಬರೆದು ಹಾಳೆಗೆ ಒತ್ತಿದ, ಒಂದೊಂದರದೂ ಹಲವು ಪ್ರತಿಗಳಿರುವಂಥವು. ಮನೆಯಿಲ್ಲ, ಮರವಿಲ್ಲ, ಮನುಷ್ಯರಿಲ್ಲ. ಬಣ್ಣವನ್ನು ಬೀಸಿ, ಎಳೆದು, ಕೆರೆದು ಬಿಟ್ಟಂಥವು. ಅವಕ್ಕೆ ಕಟ್ಟು ಹಾಕುವ ಕೆಲಸ ಎಗೋನ್ ಪಾಲಿಗೆ ಬಂತು. ಹಳೆಯ ಪೆಟ್ಟಿಗೆಗಳ ಪೈನ್ ಮರ, ಕಾರ್ಖಾನೆಯ ಹಳೆಯ ಕಿಟಕಿಗಳ ಗಾಜು.

ಕಟ್ಟು ಹಾಕಿದ ಮೇಲೆ ಮೂಲೆಯ ಜೋಡಣೆ ಬಿಡುತ್ತದೋ ಎಂದು ನೋಡಲು ಒಂದು ವಾರ ನಮ್ಮ ಅಡುಗೆಮನೆಯ ಗೋಡೆಗೆ ಹಾಕುತ್ತಿದ್ದರು. ಆಲೂಗಡ್ಡೆ ಸುಲಿಯುತ್ತಾ ನಾನೂ ನೋಡುತ್ತಿದ್ದೆ. ಸೋಮವಾರ ಬರೀ ಗೀಚು ಅನ್ನಿಸಿದ್ದು ಶನಿವಾರದ ಹೊತ್ತಿಗೆ ಬಿಟ್ಟುಕೊಡಲು ಮನಸ್ಸು ಬಾರದ ಹಾಗೆ ಆಗಿರುತ್ತಿತ್ತು.

ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಸಂಘದ ಅಧ್ಯಕ್ಷೆ ರಿಗ್ಮೋರ್, ಸೊಲ್ವೈ ಎಂಬ ಹಿರಿಯ ಕಲಾವಿದೆಯ ದೊಡ್ಡ ಹಾಳೆಯೊಂದನ್ನು ಕೊಂಡು ತಂದಳು. ಹೆರಿಂಗಿನ ಹೊಟ್ಟೆಯ ಬೂದು ಬಣ್ಣ, ನಡುವೆ ಕೆಂಪಿನ ಒಂದು ಸೀಳು. ಅದಕ್ಕೆ ಕಟ್ಟು ಹಾಕಿ ಅಡುಗೆಮನೆಯಲ್ಲಿ ತೂಗುಹಾಕಿದ ಮೂರನೆಯ ದಿನ ರಿಗ್ಮೋರ್ ಕಾಫಿಗೆ ಬಂದಳು. ಲೋಟ ಹಿಡಿದವಳು ಹಾಗೇ ನಿಂತಳು.

“ಎಗೋನ್, ಸಹಿ ಎಲ್ಲಿ?”

“ಯಾವ ಸಹಿ?”

“ಕೆಳಗೆ ಬಿಳೀ ಅಂಚಲ್ಲಿ ಪೆನ್ಸಿಲ್‌ನಲ್ಲಿ ಇರತ್ತಲ್ಲೋ! ಸೊಲ್ವೈ ಅವರ ಹೆಸರು, ಒತ್ತಿದ ಅರವತ್ತು ಪ್ರತೀಲಿ ಇದು ಎಷ್ಟನೇದು ಅಂತ.”

ನಮ್ಮವರು ಎದ್ದು ಚಿತ್ರದ ಹತ್ತಿರ ಹೋದರು. “ಗಾಜಿಗಿಂತ ಹಾಳೆ ಎರಡು ಬೆರಳು ಉದ್ದ ಇತ್ತು. ಆ ಪೆನ್ಸಿಲ್ ಬರಹ, ಮರದ ಮಂಡಿಯವರು ಹಲಗೆ ತುದೀಲಿ ಗುರುತು ಹಾಕ್ತಾರಲ್ಲ, ಅಂಥದ್ದು ಅನ್ಕೊಂಡು ಕತ್ತರಿಸಿಬಿಟ್ಟೆ. ಆ ತುದಿ ಯಾವಾಗ್ಲೂ ಕೊಯ್ದು ಬಿಸಾಕೋದೇ ಅಲ್ವಾ?”

“ತುಂಡೆಲ್ಲಿ?”

“ಒಲೇಲಿ ಹೋಯ್ತು.”

ಹಿಂದಿನ ಹಾಳೆಗಳೆಲ್ಲ ಚಿಕ್ಕವು. ಕತ್ತರಿ ಮುಟ್ಟಿಸುವ ಪ್ರಸಂಗವೇ ಬಂದಿರಲಿಲ್ಲ. ಇನ್ನೊಂದು ಪ್ರತಿ ಕೊಳ್ಳೋಣವೆಂದರೆ ಅರವತ್ತೂ ಖರ್ಚಾಗಿದ್ದವು. ಮೇಲಾಗಿ ಚೀಟಿ ಎತ್ತುವ ಆ ಶನಿವಾರ ಸೊಲ್ವೈ ಅವರೇ ಬರುವವರಿದ್ದರು.

“ಮೂಲೇಲಿ ಹಾಕಿ ಸುಮ್ನಿದ್ದುಬಿಡೋಣ,” ಅಂದಳು ರಿಗ್ಮೋರ್.

“ಯಾರದೋ ತಲೆಗೆ ಕೆಟ್ಟ ಮಾಲು ಕಟ್ಟೋದಾ? ಆಗಲ್ಲ. ನಾನೇ ಎದ್ದು ನಿಂತು ಹೇಳ್ತೀನಿ. ಮುಂದಿನ ವರ್ಷಕ್ಕೆ ಬೇರೆ ಬಡಗೀನ ನೋಡ್ಕೊಳ್ಳಿ.”

ಆ ಕೆಲಸವೂ ಹೋದರೆ ಮತ್ತೆ ಕೋಟು ಬಿಚ್ಚದೆ ಕೂರುವ ಗಂಡನನ್ನು ನಾನು ನೋಡಬೇಕಾಗುತ್ತಿತ್ತು.

ಶನಿವಾರ ಎಗೋನ್, ಚರ್ಚಿಗೆ ಹಾಕುವ ಸೂಟು ಹಾಕಿಕೊಂಡು ಬಂದರು. ಚೀಟಿ ಎತ್ತುವ ಮುಂಚೆ ಎದ್ದು ನಿಂತು, ಕತ್ತರಿಸಿದ್ದು, ಸುಟ್ಟದ್ದು ಎಲ್ಲವನ್ನೂ ಹೇಳಿದರು. ಅಷ್ಟು ಉದ್ದದ ಮಾತು ಅವರ ಬಾಯಲ್ಲಿ ಬಂದದ್ದು ನಾನು ಅದೇ ಮೊದಲು ಕೇಳಿದ್ದು. ಯಾರೋ ಕಿಸಕ್ಕೆಂದರು. ಸೊಲ್ವೈ ನಗಲಿಲ್ಲ. ಕನ್ನಡಕ ಏರಿಸಿ ಅಂಚಿನುದ್ದಕ್ಕೂ ಬೆರಳಾಡಿಸಿದರು.

“ನೀವು ಬಣ್ಣ ಮುಟ್ಟಿಲ್ಲ.”

“ಇಲ್ಲ. ಕೂದಲೆಳೆಯಷ್ಟೂ ಇಲ್ಲ.”

“ಸುಳ್ಳು ಹೇಳಲ್ಲ ನಾನು. ಅಂಗಡಿಗೆ ಒಯ್ದರೆ ಇದಕ್ಕೆ ಈಗ ಅರ್ಧ ಬೆಲೆಯೂ ಬರಲ್ಲ. ಬೇಕಾದ್ರೆ ಹಿಂದೆ ಸಹಿ ಹಾಕ್ತೀನಿ, ಆದರೂ ಅಂಗಡಿಯವರು ಮೂಗು ಮುರೀತಾರೆ.” ಪೆನ್ಸಿಲ್ ಕೇಳಿ ಪಡೆದು, ಹಿಂಬದಿಯಲ್ಲಿ ಸಹಿ ಹಾಕಿದರು. ಎಗೋನ್ ತಲೆ ಎತ್ತಲಿಲ್ಲ.

ರಿಗ್ಮೋರ್ ಮೊದಲ ಚೀಟಿ ಎತ್ತಿದಳು. ಬೋಡಿಲ್! ನನ್ನ ಸಾಲಿನವಳೇ. ಅವಳ ನಾಲಿಗೆ ಮೀನಿನ ಚಾಕುವಿಗಿಂತ ಹರಿತ. ಗೋಡೆಯ ಮೇಲೆ ಹದಿನೈದು ಚಿತ್ರಗಳಿದ್ದವು, ಎಲ್ಲವೂ ಅವಳ ಮುಂದಿದ್ದವು. ಅವಳು ನೆಟ್ಟಗೆ ಹೋಗಿ ಆ ಬೂದು ಚಿತ್ರವನ್ನೇ ಇಳಿಸಿದಳು.

“ಬೋಡಿಲ್, ಕೇಳಿಸ್ಲಿಲ್ವೇನೇ? ಅದು ಕತ್ತರಿಸಿದ್ದು!” ರಿಗ್ಮೋರ್ ಕೂಗಿದಳು.

“ನಂಗೇನು ಕಿವುಡಾ? ದಿನಾ ನೂರಾರು ಮೀನಿಂದು ತಲೆ ಬಾಲ ಕತ್ತರಿಸ್ತೀವಿ, ಮೀನಿನ ರುಚಿ ಕೆಟ್ಟಿದೆಯಾ? ಮಾರೋಕಲ್ಲ ಕಣೇ ನಾನು ಒಯ್ಯೋದು. ನನ್ನ ಸೋಫಾ ಮೇಲೆ ಹಾಕ್ಕೊಳ್ಳೋಕೆ. ಬಂದ ಗಳಿಗೆಯಿಂದ ಇದರ ಮೇಲೇ ಕಣ್ಣಿಟ್ಟಿದೀನಿ.”

ಕೋಣೆ ತುಂಬ ನಗು. ಸೊಲ್ವೈ ಅವರೂ ಈ ಸಲ ನಕ್ಕರು. ಬೋಡಿಲ್ ಚಿತ್ರವನ್ನು ಕಂಕುಳಲ್ಲಿ ಅವಚಿಕೊಂಡು ನಮ್ಮ ಮೇಜಿನ ಹತ್ತಿರ ಬಂದಳು.

“ಏನೋ ಎಗೋನ್, ಬೇರೆ ಬಡಗೀನ ನೋಡ್ಕೊಳ್ಳಿ ಅಂದ್ಯಂತೆ? ಇಂಥಾ ಬಿಗಿ ಮೂಲೆ ಇನ್ಯಾರು ಕೂರಿಸ್ತಾರೆ? ಮುಂದಿನ ವರ್ಷ ಮಾತ್ರ ಕತ್ತರೀನ ನಿನ್ನ ಹೆಂಡ್ತಿ ಕೈಲಿ ಕೊಟ್ಟಿರು.”

ಎಗೋನ್ ಕತ್ತಿನ ಗುಂಡಿ ಬಿಚ್ಚಿದರು. ಆಮೇಲೆ ಕೋಟನ್ನೂ ಬಿಚ್ಚಿ ಕುರ್ಚಿಗೆ ಹಾಕಿದರು.

“ನಿಮ್ಮನೆ ಗೋಡೆ ಇಟ್ಟಿಗೇದೋ, ಹಲಗೇದೋ?” ಅಂತ ಬೋಡಿಲ್‌ಳನ್ನು ಕೇಳಿದರು.

“ಇಟ್ಟಿಗೇದು.”

“ಹಾಗಾದ್ರೆ ಮೊಳೆ ನಿಲ್ಲಲ್ಲ. ನಾಳೆ ಚರ್ಚ್ ಮುಗಿಸ್ಕೊಂಡು ಡ್ರಿಲ್ ತಗೊಂಡು ಬರ್ತೀನಿ.”