ಕರೆಂಟ್ ಹೋದಾಗ ಬರುತ್ತಿದ್ದ ದೆವ್ವ

ಬನಹಟ್ಟಿ ಠಾಣೆಯ ಹವಾಲ್ದಾರ ರಾಮಲಿಂಗಪ್ಪನ ಕಿವಿ ಎಂದರೆ ಜಮಖಂಡಿ ತಾಲ್ಲೂಕಿನ ಕಳ್ಳರಿಗೆಲ್ಲ ಒಂದು ನಡುಕ. ಒಮ್ಮೆ ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಜೇಬುಗಳ್ಳರು ರಸ್ತೆಯ ಆಚೆ ಬದಿಗೆ ನಿಂತು, ತೇರದಾಳದ ಬಸ್ಸಿನಲ್ಲಿ ಯಾರ ಜೇಬಿಗೆ ಕೈ ಹಾಕುವುದೆಂದು ಪಿಸುಗುಟ್ಟಿದ್ದರು. ಈಚೆ ಬದಿಯ ಚಹಾದಂಗಡಿಯಲ್ಲಿ ಕೂತಿದ್ದ ಇವನು ಅದನ್ನು ಅಕ್ಷರ ಬಿಡದೆ ಒಪ್ಪಿಸಿದ್ದ. ಆ ಇಬ್ಬರು ಸಿಕ್ಕಿಬಿದ್ದ ಮೇಲೆ ಊರಿನವರು ಇವನ ಮುಂದೆ ಗುಟ್ಟು ಮಾತಾಡುವುದನ್ನೇ ಬಿಟ್ಟರು.

ನಿಜ ಸಂಗತಿ ಹೇಳಿದರೆ ನೀವು ನಗುತ್ತೀರಿ. ರಾಮಲಿಂಗಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ. ಹತ್ತಿರ ನಿಂತು ಕೂಗಿದರೆ ಅಷ್ಟಿಷ್ಟು, ಇಲ್ಲದಿದ್ದರೆ ಸೊನ್ನೆ. ಹನ್ನೆರಡನೇ ವಯಸ್ಸಿನಿಂದ ಅಪ್ಪನ ನಾಲ್ಕು ಪವರ್‌ಲೂಮುಗಳ ನಡುವೆ ನಿಂತು ಬೆಳೆದವನು. ಪೊಲೀಸನಾದ ಮೇಲೂ ಮನೆಯ ಮುಂದಿನ ಅಂಕಣದಲ್ಲಿ ತಮ್ಮನ ಆರು ಮಗ್ಗಗಳು ಖಟಾಖಟಿ ಎನ್ನುತ್ತಲೇ ಇದ್ದವು. ಮಗ್ಗದ ಮನೆಯಲ್ಲಿ ಯಾರ ದನಿಯೂ ಯಾರಿಗೂ ಕೇಳುವುದಿಲ್ಲ. ಅಲ್ಲಿ ಮಾತೆಂದರೆ ತುಟಿ ನೋಡಿ ಓದುವುದು. ಯಾವ ಮಗ್ಗ ಹದ ತಪ್ಪಿದೆ ಎಂದು ತಿಳಿಯಬೇಕಾದರೆ ಅದರ ಚೌಕಟ್ಟಿನ ಮೇಲೆ ಅಂಗೈ ಇಡುವುದು. ಕಿವಿ ಅಲ್ಲಿ ಬರಿಯ ಓಲೆ ಹಾಕುವ ಜಾಗ. ರಾಮಲಿಂಗಪ್ಪ ಇದೇ ವಿದ್ಯೆಯಿಂದ ಇಪ್ಪತ್ತೈದು ವರ್ಷ ನೌಕರಿ ದಾಟಿಸಿದ್ದ. ಗೊತ್ತಿದ್ದವಳು ಹೆಂಡತಿ ಮುತ್ತವ್ವ ಒಬ್ಬಳೇ. ಇಲಾಖೆಗೆ ತಿಳಿದರೆ ಖಾಕಿ ಬಿಚ್ಚಿಸಿ ಮನೆಗೆ ಕಳಿಸುತ್ತಾರೆಂಬ ಭಯ ಅವನಿಗೆ.

೨೦೦೪ರ ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಹಳೇ ಪೇಟೆಯ ಸರ್ಕಾರಿ ಶಾಲೆಯ ಕಟ್ಟೆಯ ಬುಡದಲ್ಲಿ ಆ ಶಾಲೆಯ ಸಿಪಾಯಿ ಹುಲೆಪ್ಪನ ಹೆಣ ಸಿಕ್ಕಿತು. ತಲೆ ಒಡೆದಿತ್ತು. ಬಿಸಿಯೂಟದ ಅಕ್ಕಿ ಇಡುವ ಕೋಣೆಯ ಬಾಗಿಲು ಅರೆ ತೆರೆದಿತ್ತು. ಅದೇ ಹೊತ್ತಿಗೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಯಲ್ಲವ್ವ ಠಾಣೆಗೆ ಓಡಿ ಬಂದಳು. ಅವಳ ಎಂಟು ವರ್ಷದ ಮಗಳು ಶ್ರೀದೇವಿ ಹಿಂದಿನ ದಿನ ಸಂಜೆಯಿಂದ ಕಾಣಿಸುತ್ತಿರಲಿಲ್ಲ. ಗಂಡ ಇಲ್ಲದ ಹೆಂಗಸು. ಅವಳ ಕೆಲಸ ಮುಗಿಯುವ ತನಕ ಹುಡುಗಿ ಶಾಲೆಯಲ್ಲೇ ಹುಲೆಪ್ಪನ ಕಣ್ಣಳತೆಯಲ್ಲಿ ಆಡಿಕೊಂಡಿರುತ್ತಿದ್ದಳು.

"ಹುಡಿಗಿ ಎಲ್ಲಾ ನೋಡ್ಯಾಳ. ಅದಕ್ಕ ಹೊತ್ತೊಯ್ದಾರ," ಎಂದ ಪಿಎಸ್‌ಐ ಜ್ಞಾನೇಶ್ವರ. ಬನಹಟ್ಟಿಗೆ ಬಂದು ಮೂರೇ ತಿಂಗಳಾದ, ಮಗ್ಗಗಳ ಸಪ್ಪಳಕ್ಕೆ ಇನ್ನೂ ನಿದ್ದೆ ಹತ್ತದೆ ಕಣ್ಣು ಕೆಂಪಗೆ ಮಾಡಿಕೊಂಡು ತಿರುಗುವ ಹುಡುಗ ಸಾಹೇಬ. "ರಾಮಲಿಂಗಪ್ಪನವರ, ಹುಡಿಗಿ ಜೀವಂತ ಸಿಗಬೇಕ್ರಿ. ಬಾಕಿದ್ದೆಲ್ಲಾ ಆಮ್ಯಾಲ."

ಓಣಿ ಓಣಿ ಹುಡುಕಿ ಬಂದು ಅವರು ಇನ್ನೂ ಬೂಟಿನ ದಾರ ಬಿಚ್ಚಿರಲಿಲ್ಲ, ಅಷ್ಟರಲ್ಲಿ ದೆವ್ವ ಬಂತು. ಆ ದಿನ ಸಂಜೆ ಆರಕ್ಕೆ ಕರೆಂಟ್ ಹೋಯಿತು. ಶಾಲೆಯ ಕಡೆಯಿಂದ ಠಣ್, ಠಣ್ ಎಂದು ಸದ್ದು. ಹುಲೆಪ್ಪ ಇಪ್ಪತ್ತು ವರ್ಷ ಶಾಲೆಯ ಗಂಟೆ ಬಾರಿಸಿದವನು. "ಹುಲೆಪ್ಪ ಗಂಟಿ ಬಡ್ಯಾಕತ್ತಾನ್ರೋ!" ಎಂದು ಮೊದಲು ಕೂಗಿದವನು ಶಾಲೆಯ ಗೋಡೆಗೆ ಹೊಂದಿಕೊಂಡು ಮಗ್ಗ ಇಟ್ಟುಕೊಂಡಿದ್ದ ಜಕ್ಕಪ್ಪ, ಶಾಲೆಯ ಸಮಿತಿಯ ಸದಸ್ಯ. ಅವನು ಕೂಗಿದ್ದೇ ತಡ, ಓಣಿಯೆಲ್ಲ ಬಾಗಿಲು ಹಾಕಿಕೊಂಡಿತು. ಎಂಟಕ್ಕೆ ಕರೆಂಟ್ ಬಂತು, ಮಗ್ಗ ಸುರುವಾದವು, ದೆವ್ವ ಮಾಯ. ಮರುದಿನ ಬೆಳಿಗ್ಗೆ ಆರಕ್ಕೆ ಮತ್ತೆ ಕರೆಂಟ್ ಹೋದಾಗ ದೆವ್ವ ಮತ್ತೆ ಹಾಜರು. ಕತ್ತಲೆಯಿದ್ದರೂ ಬೆಳಕಿದ್ದರೂ ಅದಕ್ಕೆ ಲೆಕ್ಕವಿರಲಿಲ್ಲ. ಬನಹಟ್ಟಿಯ ದೆವ್ವ, ಕರೆಂಟಿನ ದೀಪಕ್ಕೆ ಹೆದರುತ್ತದೆ ಎಂದು ಜನ ತಾವೇ ಒಂದು ಕಾರಣ ಹುಡುಕಿ ಸಮಾಧಾನ ಮಾಡಿಕೊಂಡರು. ಶಾಲೆಗೆ ಮಕ್ಕಳು ಬರುವುದು ನಿಂತಿತು.

ಬುಧವಾರ ಸಂಜೆ ಜ್ಞಾನೇಶ್ವರ ಹವಾಲ್ದಾರನನ್ನು ಕರೆದುಕೊಂಡು ಶಾಲೆಯ ಅಂಗಳದಲ್ಲಿ ನಿಂತ. ಬೇಲಿಯಾಚೆ ಜನ ಜಮಾಯಿಸಿದ್ದರು. ಆರು ಹೊಡೆಯಿತು, ಮಗ್ಗಗಳು ನಿಂತವು. ಇದ್ದಕ್ಕಿದ್ದಂತೆ ಜನ ಚಪ್ಪಲಿ ಬಿಟ್ಟು ಓಡಿದರು. ಸಾಹೇಬ ಎರಡು ಹೆಜ್ಜೆ ಹಿಂದೆ ಸರಿದು, ಸರಿದಿಲ್ಲ ಎಂಬಂತೆ ಟೋಪಿ ಸರಿಮಾಡಿಕೊಂಡ. ರಾಮಲಿಂಗಪ್ಪ ಮಾತ್ರ ಕಂಬದ ಹಾಗೆ ನಿಂತಿದ್ದ. ಅಂಥ ಗಂಡೆದೆ ಊರಲ್ಲಿ ಇನ್ನೊಂದಿಲ್ಲ ಎಂದು ಆಮೇಲೆ ಎಲ್ಲರೂ ಹೊಗಳಿದರು. ಅವನಿಗೆ ಏನೂ ಕೇಳಿಸಿಯೇ ಇರಲಿಲ್ಲ, ಹೆದರುವುದಾದರೂ ಯಾವುದಕ್ಕೆ?

"ನಾಕೂ ಕಡಿಂದ ಬಂದಂಗ ಆಗತೈತಿ, ಗೋಡಿಗೆ ಬಡದು ತಿರುಗತೈತಿ," ಎಂದ ಜ್ಞಾನೇಶ್ವರ. "ನಿಮ್ಮ ಕಿವಿ ಸೂಕ್ಷ್ಮ ಐತ್ರಿ. ನೀವ ಹೇಳ್ರಿ, ಯಾವ ಕಡಿಂದ?"

ರಾಮಲಿಂಗಪ್ಪ ತುಟಿ ಓದಿ, ಸುತ್ತ ಕಣ್ಣಾಡಿಸಿದ. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಇಪ್ಪತ್ತೈದು ವರ್ಷ ಗೊತ್ತಿದೆ ಎಂದೇ ಹೇಳಿ ರೂಢಿ. ಪಶ್ಚಿಮಕ್ಕೆ ಹಾಳುಬಾವಿ ಕಾಣಿಸಿತು. ಹುಡುಗಿ ಬಾವಿಗೆ ಬಿದ್ದಿರಬಹುದೇನೋ ಎಂಬ ಅಳುಕೂ ಒಳಗೆ ಇತ್ತು.

"ಬಾವಿ ಕಡಿಂದ್ರಿ ಸಾಹೇಬ್ರ," ಎಂದು ಗಟ್ಟಿಯಾಗಿ ಹೇಳಿಬಿಟ್ಟ.

ಗುರುವಾರವಿಡೀ ಬಾವಿ ತೋಡಿದರು. ಎರಡು ಪಂಪು ಹಚ್ಚಿ ನೀರು ಹೊಡೆದರು. ಸಂಜೆಯವರೆಗೂ ಊರಿಗೆ ಊರೇ ಶಾಲೆಯ ಸುತ್ತ ಕಿಕ್ಕಿರಿದಿತ್ತು. ಸಿಕ್ಕಿದ್ದು ಒಂದು ಹರಕು ಚೆಂಡು, ಮೂರು ಕೊಡ, ಹೇರಳ ಕೆಸರು.

ಶುಕ್ರವಾರ ಬೆಳಿಗ್ಗೆ ರೊಟ್ಟಿ ಬಡಿಸುತ್ತ ಮುತ್ತವ್ವ ಅವನೆದುರು ಕೂತು ಹೇಳಿದಳು, "ದೆವ್ವ ಸೊರಗೇತಂತ್ರಿ. ಮನ್ನಿ ಜೋರ ಬಡೀತಿತ್ತು, ನಿನ್ನಿ ಸಣ್ಣಗ. ಇವತ್ತ ಮುಂಜಾನಿ ಎರಡೋ ಮೂರೋ ಸಲ ಅಷ್ಟ ಬಡೀತಂತ."

ಅವನು ಅದನ್ನು ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ. ಠಾಣೆಗೆ ಹೋದಾಗ ಯಲ್ಲವ್ವ ಬೆಂಚಿನ ಮೇಲೆ ಕೂತಿದ್ದಳು. ನಾಲ್ಕು ದಿನದಿಂದ ಹಗಲಿರುಳು ಅಲ್ಲೇ ಕೂರುತ್ತಿದ್ದಳು, ಶಾಲೆಯ ಕಡೆಯ ಸದ್ದು ಅಲ್ಲಿಯ ತನಕ ಬರುತ್ತಿರಲಿಲ್ಲ. ಬರಿಗೈಲಿ ಅವಳ ಮುಖ ನೋಡುವುದು ಕಷ್ಟವಾಗಿ, ಏನಾದರೂ ಬರೆದುಕೊಳ್ಳೋಣವೆಂದು ರಾಮಲಿಂಗಪ್ಪ ಕಾಗದ ಹಿಡಿದ. ಹುಡುಗಿ ಸಿಟ್ಟಿನವಳೇ, ಹಟದವಳೇ, ಅಪರಿಚಿತರು ಹಿಡಿದರೆ ಚೀರುವವಳೇ ಎಂದೆಲ್ಲ ಕೇಳಿದ.

"ಚೀರೂದು ಅಕಿಗೆ ಗೊತ್ತಿಲ್ರಿ ಅಣ್ಣಾರ," ಎಂದಳು ಯಲ್ಲವ್ವ. "ಸೂಟಿ ದಿನಾ ನನಗ ಬುತ್ತಿ ತರತಾಳ. ಮಗ್ಗ ನಡದಾಗ ಎಷ್ಟ ಒದರಿದ್ರೂ ನನಗ ಕೇಳಂಗಿಲ್ಲ, ಸುಮ್ನ ಗಂಟಲ ಹರಕೋಬ್ಯಾಡ ಅಂತ ನಾನ ಕಲಿಸೀನಿ. ಬಾಗಲದಾಗ ಕುಂದರತಾಳ. ಕರೆಂಟ್ ಹೋಗಿ ಮಗ್ಗ ನಿಂತ ಕೂಡಲೇ ಡಬ್ಬೀಲೆ ಕಂಬ ಬಡೀತಾಳ. ಆಗ ನಾ ಹೊರಗ ಬರತೇನಿ."

ರಾಮಲಿಂಗಪ್ಪನ ಪೆನ್ನು ನಿಂತಿತು. ಠಾಣೆಯ ಗೋಡೆಗೆ ಕರೆಂಟ್ ತೆಗೆಯುವ ವೇಳೆಯ ಪಟ್ಟಿ ಅಂಟಿಸಿತ್ತು. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಆರರಿಂದ ಎಂಟು. ಸರ್ಕಾರಿ ನೌಕರರೂ ಪಾಲಿಸದ ವೇಳೆಯನ್ನು ದೆವ್ವವೊಂದು ಇಷ್ಟು ಕಟ್ಟುನಿಟ್ಟಾಗಿ ಪಾಲಿಸುವುದುಂಟೇ! ಬಡಿಯುತ್ತಿದ್ದವಳು ಶ್ರೀದೇವಿ. ಮಗ್ಗ ನಡೆಯುವಾಗ ಬಡಿದು ಉಪಯೋಗವಿಲ್ಲವೆಂದು ಗೊತ್ತಿದ್ದು, ಮಗ್ಗ ನಿಂತಾಗಲೆಲ್ಲ ಬಡಿದಿದ್ದಳು. ಇಡೀ ಊರು ಅದನ್ನು ಕೇಳಿಸಿಕೊಂಡು ಬಾಗಿಲು ಹಾಕಿಕೊಂಡಿತ್ತು. ದೆವ್ವ ಸೊರಗಿದೆ ಎಂದು ಮುತ್ತವ್ವ ಹೇಳಿದ್ದು ಆಗ ನೆನಪಾಯಿತು.

ಸಂಜೆ ಆರರ ತನಕ ಕಾಯುವಂತಿರಲಿಲ್ಲ. ಅವನು ನೇರ ಸಾಹೇಬರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದ. ಜ್ಞಾನೇಶ್ವರ ಎದ್ದು ನಿಂತ.

"ಹಂಗಾರ ಬಾವಿ ಕಡಿಂದ ಅಂದ್ರೆಲ್ಲಾ? ಅಲ್ಲೇನೂ ಇಲ್ಲಲ್ರಿ!"

ಸುಳ್ಳಿಗೆ ಇನ್ನೊಂದು ಸುಳ್ಳು ಜೋಡಿಸುವುದು ಸುಲಭವಿತ್ತು. ಗೋಡೆಗೆ ಬಡಿದು ತಿರುಗಿತು ಎನ್ನಬಹುದಿತ್ತು. ಆದರೆ ಈಗ ಗೋಡೆಯ ಹತ್ತಿರ ಕಿವಿಯಿದ್ದವರನ್ನು ನಿಲ್ಲಿಸಬೇಕು, ಇವನನ್ನಲ್ಲ.

"ನನಗ ಕಿವಿ ಕೇಳಂಗಿಲ್ರಿ ಸಾಹೇಬ್ರ," ಎಂದ. "ಇಪ್ಪತ್ತೈದ ವರ್ಷಾತು. ತುಟಿ ನೋಡಿ ತಿಳಕೋತೇನಿ. ಬುಧವಾರ ನನಗ ಏನೂ ಕೇಳಿಸಿರಲಿಲ್ಲ. ಸುಳ್ಳ ಹೇಳಿದೆ."

ಜ್ಞಾನೇಶ್ವರನ ಮುಖ ಕೆಂಪಾಯಿತು. ಒಂದು ಕ್ಷಣ ಹೊಡೆದೇ ಬಿಡುತ್ತಾನೇನೋ ಅನ್ನಿಸಿತು. "ಅದನ್ನ ಆಮ್ಯಾಲ ನೋಡತೇನಿ," ಎಂದು ಟೋಪಿ ಎತ್ತಿಕೊಂಡ. "ಈಗ ನಡೀರಿ."

ಕರೆಂಟ್ ಆಫೀಸಿನ ಅಧಿಕಾರಿ ಇವರು ಬಂದ ವಿಷಯ ಕೇಳಿ ಬಾಯಿ ತೆರೆದರು. "ಹನ್ನೆರಡ ವರ್ಷದ ನೌಕರಿಯೊಳಗ ಕರೆಂಟ್ ಕೊಡ್ರಿ ಅಂತ ಬೈಕೋತ ಬಂದವರನ್ನ ನೋಡೀನಿ. ತಗೀರಿ ಅಂತ ಕೈ ಮುಗದವರು ನೀವ ಮೊದಲ್ನೇದವರ ನೋಡ್ರಿ." ಆದರೂ ಹನ್ನೊಂದಕ್ಕೆ ಸರಿಯಾಗಿ ಹತ್ತು ನಿಮಿಷ ತೆಗೆಯಲು ಒಪ್ಪಿದರು. ಈ ಮಾತು ಯಲ್ಲವ್ವನೂ ಸೇರಿ ನಾಲ್ವರ ಹೊರತು ಯಾರಿಗೂ ತಿಳಿಯದಂತೆ ಜ್ಞಾನೇಶ್ವರ ನೋಡಿಕೊಂಡ.

ಹನ್ನೊಂದಕ್ಕೆ ಅವನು ಶಾಲೆಯ ಪಶ್ಚಿಮದ ಗೋಡೆಯ ಹತ್ತಿರ, ಯಲ್ಲವ್ವ ನಡು ಅಂಗಳದಲ್ಲಿ, ರಾಮಲಿಂಗಪ್ಪ ಪೂರ್ವದ ಗೋಡೆಗೆ ಎರಡೂ ಅಂಗೈ ಒತ್ತಿಕೊಂಡು ನಿಂತರು. ಓಣಿಯ ಮಗ್ಗಗಳ ಅದುರು ಕೈಗೆ ತಾಗುತ್ತಿತ್ತು. ಅದು ಒಮ್ಮೆಲೇ ನಿಂತಿತು. ಬೇವಿನ ಮರದಲ್ಲಿ ಗುಬ್ಬಿಗಳಿದ್ದವು ಎಂಬುದು ಆ ಶಾಲೆಯಲ್ಲಿ ಹಗಲು ಹೊತ್ತು ಮೊದಲ ಬಾರಿ ಜ್ಞಾನೇಶ್ವರನಿಗೆ ಗೊತ್ತಾಯಿತು.

ಒಂದು ನಿಮಿಷ ಹೋಯಿತು. ಏನಿಲ್ಲ. ಎರಡು ನಿಮಿಷ. ರಾಮಲಿಂಗಪ್ಪ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಬಡಿ ತಾಯಿ, ಒಂದ ಸಲ ಬಡಿ ಎಂದು ಒಳಗೇ ಬೇಡಿಕೊಂಡ.

ಅಂಗೈಗೆ ಸಣ್ಣದೊಂದು ತಟ್ಟು ಬಿತ್ತು. ಇನ್ನೊಂದು. ಕಣ್ಣು ತೆರೆಯುವಷ್ಟರಲ್ಲಿ ಯಲ್ಲವ್ವ ಅವನನ್ನು ದಾಟಿ ಓಡುತ್ತಿದ್ದಳು.

ಆ ಗೋಡೆಯ ಆಚೆ ಇದ್ದದ್ದು ಜಕ್ಕಪ್ಪನ ಹಳೆಯ ಬಣ್ಣದ ಮನೆ. ನೂಲಿಗೆ ಬಣ್ಣ ಹಾಕುವುದು ನಿಂತು ಎಷ್ಟೋ ವರ್ಷವಾಗಿ, ಬೀದಿಯ ಬಾಗಿಲ ಕೀಲಿಗೆ ಜಂಗು ಹಿಡಿದಿತ್ತು. ಆ ಜಂಗು ನೋಡಿಯೇ ಪೊಲೀಸರು ಮಂಗಳವಾರ ಮುಂದೆ ಹೋಗಿದ್ದರು. ಜಕ್ಕಪ್ಪ ತನ್ನ ಮಗ್ಗದ ಮನೆಯಲ್ಲಿ ಬೋರ್ಡಿನ ಮುಂದೆ ನಿಂತು, ಹೊತ್ತಲ್ಲದ ಹೊತ್ತಿನಲ್ಲಿ ಕರೆಂಟ್ ಏಕೆ ಹೋಯಿತೆಂದು ಸ್ವಿಚ್ಚು ಒತ್ತಿ ಒತ್ತಿ ನೋಡುತ್ತಿದ್ದ. ಅಲ್ಲಿ ನೂಲಿನ ಪೆಂಡಿಗಳ ಹಿಂದೆ ಬಣ್ಣದ ಮನೆಗೆ ಹೋಗುವ ಒಂದು ಸಣ್ಣ ಬಾಗಿಲಿತ್ತು. ಜ್ಞಾನೇಶ್ವರ ಅದನ್ನು ಒದ್ದು ತೆಗೆದಾಗ, ಬಿಸಿಯೂಟದ ತಾಟನ್ನು ಎದೆಗೆ ಅವುಚಿಕೊಂಡು ಶ್ರೀದೇವಿ ಒಣಗಿದ ಬಣ್ಣದ ಹೊಂಡದ ಪಕ್ಕದಲ್ಲಿ ಮಲಗಿದ್ದಳು. ತುಟಿ ಸೀಳಿದ್ದವು. ಕಣ್ಣು ತೆರೆದಿದ್ದವು.

ಜಕ್ಕಪ್ಪ ಹೆಚ್ಚು ಸತಾಯಿಸಲಿಲ್ಲ. ಶಾಲೆಯ ಅಕ್ಕಿ ಚೀಲ ಹೊತ್ತೊಯ್ಯುವಾಗ ಹುಲೆಪ್ಪ ಅಡ್ಡ ಬಂದಿದ್ದ, ಚೀಲ ಎತ್ತುವ ಕಬ್ಬಿಣದ ಕೊಕ್ಕೆಯಿಂದ ತಲೆಗೆ ಹೊಡೆದದ್ದು ತಾನೇ ಎಂದು ಒಪ್ಪಿಕೊಂಡ. ಅದನ್ನು ಹುಡುಗಿ ನೋಡಿದ್ದಳು. "ಕೂಸಿನ ಮ್ಯಾಲ ಕೈ ಎತ್ತಾಕ ಆಗ್ಲಿಲ್ರಿ," ಎಂದು ಅತ್ತ. ತಾಟಿನ ಸದ್ದು ಹೊರಗೆ ಕೇಳುವುದೆಂದು ಗೊತ್ತಾಗಿಯೇ ದೆವ್ವ ಎಬ್ಬಿಸಿದ್ದ. ಬುಧವಾರದ ತನಕ ನೀರು, ರೊಟ್ಟಿ ಕೊಟ್ಟಿದ್ದ. ಗುರುವಾರ ಬಾವಿ ತೋಡುವ ಜನ ಅವನ ಬಾಗಿಲ ತನಕ ತುಂಬಿಕೊಂಡಿದ್ದರಿಂದ, ಆಮೇಲೆ ಹೆದರಿಕೆಯಿಂದ, ಆ ಬಾಗಿಲನ್ನೇ ತೆರೆದಿರಲಿಲ್ಲ.

ರಾಮಲಿಂಗಪ್ಪ ಅದನ್ನು ಬರೆದುಕೊಂಡ. ಹುಡುಗಿ ಎರಡು ದಿನ ನೀರಿಲ್ಲದೆ ಬಿದ್ದದ್ದು ತನ್ನ ಒಂದು ಮಾತಿನಿಂದ.

ಭಾನುವಾರ ಅವನು ಹೇಳಿಕೆ ತೆಗೆದುಕೊಳ್ಳಲು ಯಲ್ಲವ್ವನ ಮನೆಗೆ ಹೋದ. ಶ್ರೀದೇವಿ ಹಾಸಿಗೆಯ ಮೇಲೆ ಕೂತು ಗಂಜಿ ಕುಡಿಯುತ್ತಿದ್ದಳು. ಅವನು ಅವಳೆದುರಿಗೆ, ತುಟಿ ಕಾಣುವಂತೆ, ನೆಲದ ಮೇಲೆ ಕೂತ. ಹುಲೆಪ್ಪ ಅಜ್ಜ ಬಿದ್ದದ್ದು, ಜಕ್ಕಪ್ಪ ಬಾಯಿ ಮುಚ್ಚಿ ಎತ್ತಿಕೊಂಡು ಹೋದದ್ದು ಎಲ್ಲ ಹೇಳಿದಳು. ಆಮೇಲೆ ಬಟ್ಟಲು ಕೆಳಗಿಟ್ಟು ಅವನನ್ನೇ ನೋಡಿದಳು.

"ಕಾಕಾ, ನೀವು ಸಾಹೇಬ್ರಿಗೆ ಬಾವಿ ಕಡಿಂದ ಅಂದದ್ದು ನನಗ ಕೇಳಿಸ್ತ್ರಿ. ಇಲ್ಲ, ಇಲ್ಲಿ ಅದೀನಿ ಅಂತ ಎಷ್ಟ ಬಡದ್ನಿ. ಕೈ ನೋತು. ನೀವು ಹೋದ್ರಿ."

ಅವನು ಅದನ್ನೂ ಬರೆದ. ಒಂದು ಅಕ್ಷರವನ್ನೂ ಬಿಡಲಿಲ್ಲ. ಬರೆಯುವಾಗ ಅಕ್ಷರಗಳು ಕಣ್ಣಿಗೆ ಮಸುಕಾದವು.

ಹೇಳಿಕೆ ಬರೆದ ಮೇಲೆ ಅದನ್ನು ಹೇಳಿದವರಿಗೂ ಮನೆಯ ಹಿರಿಯರಿಗೂ ಓದಿ ಹೇಳಬೇಕೆಂಬುದು ನಿಯಮ. ರಾಮಲಿಂಗಪ್ಪ ಮೊದಲಿನಿಂದ ಓದುತ್ತ ಬಂದ. ಬಾಗಿಲಲ್ಲಿ ಕೂತ ಯಲ್ಲವ್ವ ಕಂಡಿಕೆ ಸುತ್ತುತ್ತ ಕೇಳುತ್ತಿದ್ದಳು. ಬಾವಿಯ ಸಾಲು ಬಂತು. ಅದನ್ನೂ ಓದಿದ. ಓದಿ ತಲೆ ತಗ್ಗಿಸಿದ.

ರಾಟೆ ನಿಂತದ್ದು ಅವನಿಗೆ ಕೇಳಲಿಲ್ಲ. ಯಲ್ಲವ್ವ ಎದ್ದು ಬಂದು, ಮಗಳ ಪಕ್ಕದಲ್ಲಿ, ಅವನ ಕಣ್ಣಿಗೆ ನೇರ ಕಾಣುವಂತೆ ಕೂತಳು. ಅವನು ತಲೆಯೆತ್ತುವ ತನಕ ಕಾದಳು. ಆಮೇಲೆ ನಿಧಾನವಾಗಿ, ತುಟಿ ಬಿಡಿಸಿ ಹೇಳಿದಳು:

"ಮುಂದಿಂದು ಓದ್ರಿ ಅಣ್ಣಾರ."

ಅವನು ಕಣ್ಣೊರೆಸಿಕೊಂಡು ಮುಂದಿನದನ್ನು ಓದಿದ.