ಬಾತುಕೋಳಿ ಬಿಟ್ಟು ಬೀಡಿ ಹಿಡಿದ ಅಜ್ಜಿ

ಹೋದ ವರ್ಷ ಫಸ್ಟ್ ಪಿಯುಸಿ ಪರೀಕ್ಷೆ ಮುಗಿಸಿ ನಾನು ರಜೆಗೆ ಅಜ್ಜಿ ಮನೆಗೆ ಹೋದಾಗ ಆದದ್ದು ಇದು. ಮನೆ ಕಡಬದ ಹತ್ರ, ಕೋಡಿಂಬಾಳದಲ್ಲಿ. ಅಜ್ಜಿ ಬೀಡಿ ಕಟ್ಟುವ ಸ್ಪೀಡ್ ನೀವು ನೋಡ್ಬೇಕು. ಬೆರಳು ಕಾಣುದೇ ಇಲ್ಲ, ಗಾಳಿ ಮಾತ್ರ ಬರುದು. ಕರೆಂಟ್ ಹೋದ್ರೆ ನಾವೆಲ್ಲ ಅವರ ಕೈ ಎದುರು ಕೂತ್ಕೊಳ್ಳುದು. ಸ್ವಲ್ಪ ಜಾಸ್ತಿ ಹೇಳಿದೆ, ಆದ್ರೆ ಸ್ವಲ್ಪವೇ.

ಒಂದು ದಿನ ಬೆಳಿಗ್ಗೆ ಆ ಕೈಯಿಂದ ಕತ್ತರಿ ಬಿತ್ತು. ಎತ್ತಲಿಕ್ಕೆ ನೋಡಿದ್ರೆ ಬಲಗೈ ಏಳುದೇ ಇಲ್ಲ. ಅಜ್ಜಿ ಎಂತದೋ ಹೇಳಿದ್ರು, ಬಾಯೊಳಗೆ ನಾಲ್ಕು ಬಿಸಿ ಗೋಳಿಬಜೆ ಒಟ್ಟಿಗೆ ಇಟ್ಟ ಹಾಗೆ ಕೇಳಿತು. ನಾನು ಮೊದಲು ನಗಾಡಿದೆ. ಮತ್ತೆ ಅವರ ಮುಖ ನೋಡಿದೆ. ಬಾಯಿ ಒಂದು ಬದಿಗೆ ವಾಲಿತ್ತು. ನನ್ನ ನಗು ಅಲ್ಲೇ ನಿಂತಿತು.

ಅಮ್ಮನನ್ನು ಕರ್ಕೊಂಡು ಬರುವಾಗ ಎಲ್ಲ ಸರಿಯಾಗಿತ್ತು. "ಕೈ ಜೋಮು ಹಿಡಿದದ್ದು ಮಾರಾಯ್ತಿ. ಅದಕ್ಕೆ ಎಂತ ಇಷ್ಟು ಬೊಬ್ಬೆ?" ಅಂತ ಅಜ್ಜಿ ಪುನಃ ಎಲೆ ಹಿಡಿದ್ರು.

ಡಾಕ್ಟ್ರ ಹತ್ರ ಅಂದ್ರೆ ಅಜ್ಜಿ ಬರುವ ಜನ ಅಲ್ಲ. ನಾನು ಬುದ್ಧಿ ಓಡಿಸಿದೆ. "ಅಜ್ಜೀ, ಪುತ್ತೂರಿನಲ್ಲಿ ಸೀರೆಗೆ ಡಿಸ್ಕೌಂಟ್ ಉಂಟಂತೆ, ಇವತ್ತೇ ಲಾಸ್ಟ್" ಅಂದೆ. ನಾನು ಚಪ್ಪಲಿ ಹುಡುಕುವ ಮೊದಲೇ ಅವರು ಮಾವನ ಓಮ್ನಿಯಲ್ಲಿ ಕೂತಾಗಿತ್ತು.

ಪುತ್ತೂರಿನ ಡಾಕ್ಟ್ರು ಕುತ್ತಿಗೆಗೆ ಸ್ಕ್ಯಾನಿಂಗ್ ಮಾಡಿದ್ರು. "ಸೀರೆ ಎಲ್ಲಿ?" ಅಂತ ಅಜ್ಜಿ ನನ್ನನ್ನು ನೋಡಿದ ನೋಟಕ್ಕೆ ನಾನು ಗೋಡೆಗೆ ಅಂಟಿದೆ. ಮಿದುಳಿಗೆ ರಕ್ತ ಹೋಗುವ ಎಡಗಡೆಯ ನಾಳ ತುಂಬ ಸಪೂರ ಆಗಿತ್ತು, ತೋಟದ ಪೈಪಿನಲ್ಲಿ ಪಾಚಿ ಕಟ್ಟಿದ ಹಾಗೆ. "ಮಿದುಳಿನ ಎಡಭಾಗ ಬಲಗೈಯನ್ನೂ ಮಾತನ್ನೂ ನೋಡಿಕೊಳ್ಳುದು. ಇವತ್ತು ಕೈ ವಾಪಸ್ ಬಂತು, ಇನ್ನೊಮ್ಮೆ ಬರ್ಲಿಕ್ಕಿಲ್ಲ" ಅಂದ್ರು. ಅಲ್ಲಿಂದ ಸೀದಾ ಮಂಗಳೂರಿಗೆ.

ಮಂಗಳೂರಿನ ಡಾಕ್ಟ್ರು ಸ್ಟೆಂಟ್ ಹಾಕ್ತೇನೆ ಅಂದ್ರು. ತೊಡೆಯ ಸಂದಿಯ ರಕ್ತನಾಳದಲ್ಲಿ ಸಪೂರ ಟ್ಯೂಬ್ ಬಿಟ್ಟು, ಕುತ್ತಿಗೆಯವರೆಗೆ ಹೋಗಿ, ಬಲೆಯ ಹಾಗಿನ ಸ್ಪ್ರಿಂಗ್ ಇಡುದು. "ಕಡಿಮೆ ರಕ್ತದಲ್ಲೇ ಅಭ್ಯಾಸ ಆದ ಮಿದುಳಿಗೆ ಒಮ್ಮೆಲೇ ಜೋರು ರಕ್ತ ನುಗ್ಗಿದ್ರೆ ಕೆಲವರಿಗೆ ತಲೆನೋವು, ಫಿಟ್ಸ್, ಅಪರೂಪಕ್ಕೆ ರಕ್ತಸ್ರಾವವೂ ಆಗ್ತದೆ. ಹಾಗಾಗಿ ಬಿಪಿ ಏರ್ಲಿಕ್ಕೆ ಬಿಡುದಿಲ್ಲ" ಅಂದ್ರು. ಅಮ್ಮ ನನ್ನ ಕೈ ಹಿಡಿದದ್ದು ಎಷ್ಟು ಗಟ್ಟಿ ಅಂದ್ರೆ ನನ್ನ ಕೈಗೇ ರಕ್ತ ನಿಂತಿತು.

ಗಮ್ಮತ್ತು ಎಂತ ಅಂದ್ರೆ, ಸ್ಟೆಂಟ್ ಹಾಕುವಾಗ ಅಜ್ಜಿಗೆ ಎಚ್ಚರ ಇರ್ಬೇಕು. ಕೈ ಕೆಲಸ ಮಾಡ್ತದಾ ಅಂತ ನೋಡ್ಲಿಕ್ಕೆ ಬಲಗೈಯಲ್ಲಿ ಒಂದು ರಬ್ಬರ್ ಬಾತುಕೋಳಿ ಕೊಟ್ರು. ಡಾಕ್ಟ್ರು ಹೇಳಿದಾಗೆಲ್ಲ ಅಜ್ಜಿ ಒತ್ಬೇಕು, ಪೀಂ ಅನ್ಬೇಕು.

ಹೊರಗೆ ಬೆಂಚಿನಲ್ಲಿ ಕೂತು ನಾವು ಪೀಂ ಪೀಂ ಕೇಳ್ತಾ ಇದ್ದೆವು. ಸಡನ್ನಾಗಿ ಪೀಂ ನಿಂತಿತು.

ಬಾಗಿಲು ತೆಗೆದು ನರ್ಸಕ್ಕ ಓಡಿ ಬಂದ್ರು. "ಅಜ್ಜಿಗೆ ಮೊದಲು ಫಿಟ್ಸ್ ಬಂದದ್ದು ಉಂಟಾ? ಬೆರಳು ಒಂಥರಾ ಆಡ್ತಾ ಉಂಟು, ಮಾತಾಡ್ಸಿದ್ರೆ ಮಾತಾಡುದಿಲ್ಲ." ಅಮ್ಮ ಕೂತಲ್ಲೇ ಅಳ್ಲಿಕ್ಕೆ ಶುರು. ಯಾರೂ ಕರೀಲಿಲ್ಲ, ಆದ್ರೂ ನಾನು ನರ್ಸಕ್ಕನ ಹಿಂದೆ ನುಗ್ಗಿ ಗಾಜಿನಿಂದ ಇಣುಕಿದೆ.

ಬಾತುಕೋಳಿ ನೆಲದಲ್ಲಿ ಬಿದ್ದಿತ್ತು. ಅಜ್ಜಿಯ ಹೆಬ್ಬೆರಳು, ತೋರುಬೆರಳು ಒಂದಕ್ಕೊಂದು ಉಜ್ಜಿ ಸುತ್ತುತ್ತಾ ಇತ್ತು. ಮತ್ತೆ ಒಂದು ಕೊಕ್ಕೆ, ನೂಲು ಎಳೆದ ಹಾಗೆ. ಪುನಃ ಶುರು.

"ನರ್ಸಕ್ಕ, ಅದು ಫಿಟ್ಸ್ ಅಲ್ಲ, ಬೀಡಿ!"

"ಎಂತ?"

"ಬೀಡಿ ಕಟ್ಟುದು! ಕೈ ಖಾಲಿ ಇದ್ರೆ ಅವರಿಗೆ ಆಗುದಿಲ್ಲ!"

"ಮತ್ತೆ ಮಾತು?" ಒಳಗಿಂದ ಡಾಕ್ಟ್ರು ಕೇಳಿದ್ರು.

ಅಜ್ಜಿಯ ಮಾತು ಹೋಗಿದ್ರೆ? ಇನ್ನು ನನಗೆ ಬೈಯುದು ಯಾರು? ಇದ್ದ ಶಕ್ತಿಯೆಲ್ಲ ಹಾಕಿ ಬೊಬ್ಬೆ ಹೊಡೆದೆ, "ಅಜ್ಜೀ, ಬೀಡಿ ತಗೊಳ್ಳಲಿಕ್ಕೆ ಕಂಪೆನಿ ಬ್ರಾಂಚಿನವರು ಬಂದ್ರು!"

"ನಿಲ್ಲಿಕ್ಕೆ ಹೇಳು! ಇನ್ನೊಂದು ಕಟ್ಟು ಬಾಕಿ ಉಂಟು!"

ಗೋಳಿಬಜೆ ಇಲ್ಲ, ಎಂತ ಇಲ್ಲ. ಗಂಟೆ ಹೊಡೆದ ಹಾಗೆ ಸ್ವರ.

"ಅಜ್ಜಿ, ನಾನು ಅಷ್ಟು ಕರೆದೆ, ಯಾಕೆ ಮಾತಾಡ್ಲಿಲ್ಲ ಮಾರಾಯ್ರೆ?" ಡಾಕ್ಟ್ರು ಕೇಳಿದ್ರು.

"ಕುತ್ತಿಗೆಯ ಫೋಟೋ ತೆಗೆಯುವಾಗ ಬಾಯಿ ಮುಚ್ಚಿ ಅಂದದ್ದು ನೀವೇ ಅಲ್ವಾ? ಮತ್ತೆ ಬಾಯಿ ತೆಗೀಬಹುದು ಅಂತ ಯಾರು ಹೇಳಿದ್ದು?"

ಡಾಕ್ಟ್ರು ಮಾಸ್ಕಿನೊಳಗೆ ನಗಾಡಿದ್ದು ಹೊರಗೆ ಅಮ್ಮನಿಗೂ ಕೇಳಿತು. ಸ್ಟೆಂಟ್ ಕೂತಿತ್ತು, ರಕ್ತ ಸರಿಯಾಗಿ ಹೋಗ್ತಾ ಇತ್ತು. ನಾನು ಅಲ್ಲೇ ಗೋಡೆಗೆ ಒರಗಿ ಕೂತೆ. ಅಮ್ಮ ಬಂದು ಎಳೆದು ಎಬ್ಬಿಸ್ಬೇಕಾಯ್ತು. ಇದು ಮಾತ್ರ ಜಾಸ್ತಿ ಹೇಳಿದ್ದಲ್ಲ.

ಮರುದಿನ ಸ್ವಲ್ಪ ತಲೆನೋವು ಬಂತು, ಬಿಪಿ ನೋಡಿ ಮದ್ದು ಕೊಟ್ರು, ಕಡಿಮೆ ಆಯ್ತು. ರಕ್ತ ತೆಳು ಮಾಡುವ ಮಾತ್ರೆ ಒಂದು ದಿನವೂ ತಪ್ಪಿಸ್ಲಿಕ್ಕಿಲ್ಲ. ತಂಬಾಕಿನ ಧೂಳು ಬೇಡ ಅಂತ ಡಾಕ್ಟ್ರು ಹೇಳಿದ ಮೇಲೆ ಈಗ ಅಜ್ಜಿ ಅದೇ ಸ್ಪೀಡಿನಲ್ಲಿ ಮಲ್ಲಿಗೆ ಕಟ್ಟುದು. ಗಾಳಿಗೆ ಈಗ ಪರಿಮಳವೂ ಉಂಟು.

ಬಾತುಕೋಳಿಯನ್ನು ನರ್ಸಕ್ಕ ಅಜ್ಜಿಗೇ ಕೊಟ್ರು. ಅದನ್ನು ದಿಂಬಿನ ಹತ್ರ ಇಟ್ಟು, ನೀರು ಬೇಕಾದ್ರೂ ಪೀಂ, ಚಾ ಬೇಕಾದ್ರೂ ಪೀಂ, ನಾನು ಮೊಬೈಲ್ ಹಿಡಿದ್ರೂ ಪೀಂ. ರಜೆಗೆ ಹೋದಾಗೆಲ್ಲ ನಾನು "ಎಂತ ಉಪದ್ರ ಇದು!" ಅಂತ ಎಲ್ಲರಿಗೂ ಕೇಳುವ ಹಾಗೆ ಪರಂಚುದು.

ಆದ್ರೆ ತುಂಬ ಹೊತ್ತು ಪೀಂ ಕೇಳದಿದ್ರೆ ಮೊದಲು ಎದ್ದು ಹೋಗಿ ನೋಡುದು ನಾನೇ. "ಎಂತ, ನಾನು ಕರೀಲೇ ಇಲ್ಲವಲ್ಲ?" ಅಂತಾರೆ ಅಜ್ಜಿ. "ಚಾರ್ಜರ್ ಹುಡುಕ್ಲಿಕ್ಕೆ ಬಂದದ್ದು" ಅಂತೇನೆ ನಾನು.