ಬೇಲೂರಿಗೆ ಬಂದ ಕಾಯಿ ಚೀಲ

ನಾನು ಚಿಕ್ಕವಳಿದ್ದಾಗ, ಅಂದರೆ ಲಂಗದ ಮಡಿಲಲ್ಲಿ ಹುಣಸೆಹಣ್ಣು ತುಂಬಿಕೊಂಡು ತಿರುಗುತ್ತಿದ್ದ ಕಾಲದಲ್ಲಿ, ನನಗೊಂದು ಭಾರೀ ಕೆಲಸವಿತ್ತು ಮಕ್ಕಳೇ. ನಾನು ನಮ್ಮ ತಾತನ ಕಿವಿಯಾಗಿದ್ದೆ!

ಬಾಣಾವರದ ಹತ್ತಿರ ತಾತನ ತೆಂಗಿನ ತೋಟ. ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿದರೆ ವರ್ಷವೊಪ್ಪತ್ತಿನಲ್ಲಿ ಒಳಗಿನ ನೀರು ಇಂಗಿ ಕೊಬ್ಬರಿಯಾಗುತ್ತದೆ. ಅಲ್ಲಾಡಿಸಿದಾಗ ಗಡಗಡ ಎಂದರೆ ಒಡೆಯಬಹುದು, ಗುಳುಗುಳು ಎಂದರೆ ಇನ್ನೂ ನೀರಿದೆ. ಅವಸರಪಟ್ಟು ಒಡೆದರೆ ಬೂಷ್ಟು ಹಿಡಿದು ವರ್ಷದ ಬೆಳೆಯೇ ಹಾಳು. ತಾತನಿಗೆ ಗಟ್ಟಿ ಮಾತು ಕೇಳುತ್ತಿತ್ತು, ಈ ಸಣ್ಣ ಸದ್ದು ಕೇಳುತ್ತಿರಲಿಲ್ಲ. ಹಾಗಾಗಿ ಅಟ್ಟದ ಕತ್ತಲಲ್ಲಿ, ಧೂಳು ಮತ್ತು ನಾರಿನ ವಾಸನೆಯ ನಡುವೆ ತಾತ ಕಾಯಿ ಅಲ್ಲಾಡಿಸುತ್ತಿದ್ದ, ನಾನು ಕೇಳಿ ಹೇಳುತ್ತಿದ್ದೆ. “ಯಾರ್ಗೂ ಹೇಳ್ಬ್ಯಾಡ ಕಣೇ. ಗೊತ್ತಾದ್ರೆ ನನ್ನ ಮೂಲೇಲಿ ಕೂರ್ಸ್ತಾರೆ” ಅನ್ನುತ್ತಿದ್ದ.

ಅಷ್ಟರಲ್ಲಿ ಅಪ್ಪ ಬೇಲೂರಿನಲ್ಲಿ ಬಟ್ಟೆ ಅಂಗಡಿ ಹಾಕಿದ. ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೆ ಹೋದೆವು. ನನಗೆ ಒಂದೇ ಚಿಂತೆ, ಈಗ ತಾತನ ಜೊತೆ ಅಟ್ಟ ಹತ್ತುವವರು ಯಾರು? ಚಿಕ್ಕಪ್ಪನ ಮಗಳೇ ಇರಬೇಕು ಎಂದು ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ತಾತ ನನ್ನನ್ನು ಮರೆತೇಬಿಟ್ಟನೇನೋ ಎಂದು ಅಳು ಬರುತ್ತಿತ್ತು.

ಒಂದು ಭಾನುವಾರ ಸುಡು ಬಿಸಿಲಿನಲ್ಲಿ, ಹಳೇಬೀಡಿನ ಕಡೆಯಿಂದ ಬಂದ ಬಸ್ಸಿನಿಂದ ತಾತ ಇಳಿದ. ಹೆಗಲ ಮೇಲೆ ಒಂದು ಚೀಲ ಕಾಯಿ!

“ಇದೇನಪ್ಪಾ, ಬೇಲೂರಲ್ಲಿ ಕಾಯಿ ಸಿಗಾಕಿಲ್ವಾ?” ಎಂದು ಅಪ್ಪ ನಕ್ಕ.

“ಕೂಸು ಆಡ್ಕಳ್ಳಿ ಅಂತ ತಂದೆ ಕಣ್ಲಾ” ಎಂದು ತಾತ ಸುಳ್ಳು ಹೇಳಿದ.

ಊಟಕ್ಕೂ ಕೂರದೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದ. “ನಾಳೆ ಅಟ್ಟದ ಕಾಯಿ ಒಡೆಯೋರು ಬತ್ತಾರೆ. ಹೆಂಗೈತೆ ಹೇಳು ಮಗ” ಎನ್ನುತ್ತ ಒಂದೊಂದೇ ಕಾಯಿಯನ್ನು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದ. ಅಬ್ಬಾ, ತಾತ ಬೇರೆ ಯಾರನ್ನೂ ಕೇಳಿರಲಿಲ್ಲ! ನನಗೆ ಎಷ್ಟು ಖುಷಿಯಾಯಿತೆಂದರೆ ಮೊದಲ ಕಾಯಿಯ ಸದ್ದೇ ಸರಿಯಾಗಿ ಕೇಳಲಿಲ್ಲ. ಮತ್ತೆ ಕೇಳಿದೆ. ಎಲ್ಲವೂ ಗಡಗಡ ಎಂದವು.

ಆಗ ನನ್ನ ತಲೆಗೊಂದು ಕೆಟ್ಟ ಯೋಚನೆ ಹೊಕ್ಕಿತು. ಇನ್ನೂ ಆಗಿಲ್ಲ ಎಂದರೆ ತಾತ ಮತ್ತೆ ಬರಲೇಬೇಕು. ಆಗಿದೆ ಎಂದರೆ ಮುಗಿಯಿತು, ಇಷ್ಟು ದೂರ ಯಾಕೆ ಬರುತ್ತಾನೆ? ತಾತ ನನ್ನ ಬಾಯನ್ನೇ ನೋಡುತ್ತ ಕೂತಿದ್ದ. ಅಷ್ಟು ನಂಬಿದವನಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ಆಗೈತೆ ತಾತ, ಒಡಿಸು” ಎಂದು ಗಟ್ಟಿಯಾಗಿ ಹೇಳಿ ಗೊಳೋ ಎಂದು ಅತ್ತುಬಿಟ್ಟೆ.

“ಅಯ್ಯೋ, ಆಗಿದ್ರೆ ಅಳೋದ್ಯಾಕೆ ಕಣೇ?”

“ನೀನು ಇನ್ಮೇಲೆ ಬರಾಕಿಲ್ವಲ್ಲ!”

ತಾತ ಟವಲಿನಿಂದ ನನ್ನ ಮೂಗು ಒರೆಸಿ, ಸಂಜೆ ಬಸ್ಸಿಗೆ ಹೊರಟುಹೋದ.

ಮುಂದಿನ ತಿಂಗಳು ಅದೇ ಬಸ್ಸಿನಿಂದ ತಾತ ಮತ್ತೆ ಇಳಿದ. ಚೀಲ ಬಿಚ್ಚಿದರೆ ಆಗತಾನೇ ಕೊಯ್ದ ಕಾಯಿಗಳು! ನೀರು ತುಂಬಿದ ಆ ಕಾಯಿ ಒಣಗಲು ಇನ್ನೂ ವರ್ಷ ಬೇಕೆಂದು ಎಳೆ ಮಗುವಿಗೂ ಗೊತ್ತು. ತಾತ ಮುಖ ಬಿಗಿದುಕೊಂಡು ಒಂದನ್ನು ನನ್ನ ಕಿವಿಗೆ ಹಿಡಿದು, “ಹೆಂಗೈತೆ ನೋಡು ಮಗ” ಎಂದ. ನಾನೂ ನಗದೆ ಕೇಳಿಸಿಕೊಂಡು, “ಇನ್ನೂ ಆಗಿಲ್ಲ, ಬರೋ ತಿಂಗ್ಳು ತಗಂಬಾ” ಎಂದೆ.

ನಿಮಗೆ ಇಂಥ ನೆಪವೆಲ್ಲ ಬೇಡ. ಫೋನು ತೆಗೆದರೆ ಅಜ್ಜಿಯ ಮುಖ ಅಂಗೈಯಲ್ಲೇ ಇರುತ್ತದೆ. ಆದರೂ ಮೊನ್ನೆ ಮೈಸೂರಿನಲ್ಲಿ ಓದುತ್ತಿರುವ ಮೊಮ್ಮಗಳು ಫೋನು ಮಾಡಿ, “ಅಜ್ಜಿ, ಮೊಸರಿಗೆ ಹೆಪ್ಪು ಹಾಕೋಕೆ ಹಾಲು ಎಷ್ಟು ಬೆಚ್ಚಗಿರಬೇಕು?” ಎಂದು ಕೇಳಿದಳು. ಅದೇ ಫೋನಿನಲ್ಲಿ ಹುಡುಕಿದ್ದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಉತ್ತರ ಸಿಗುತ್ತಿತ್ತು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ನಾನು ಕುರ್ಚಿ ಎಳೆದುಕೊಂಡು ಕೂತು, ಹಾಲು ಕಾಯಿಸುವುದರಿಂದ ಶುರುಮಾಡಿದೆ.